ಹೊಳೆಯ ಹುಳ ಎಣಿಸೋಣ ಬನ್ನಿ



ಕಳೆದ ಭಾನುವಾರ ಬೆಳಗ್ಗೆ ಊರಿನಿಂದ ಅಮ್ಮನ ಫೋನ್ ಬಂದಾಗ ನಾನು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ. ಕಾಲಿಗೆ ತೊಡೆಯವರೆಗಿನ ರಬ್ಬರ್ ಬೂಟು, ಒಂದು ಕೈಯಲ್ಲಿ ಬಲೆ, ಇನ್ನೊಂದು ಕೈಯಲ್ಲಿ ಫೋನು.

"ಎಲ್ಲಿದ್ದೀಯ ಮಗಾ? ನೀರಿನ ಸದ್ದು ಕೇಳ್ತಾ ಇದೆ."

"ಹೊಳೇಲಿ ಹುಳ ಎಣಿಸ್ತಾ ಇದ್ದೀನಮ್ಮ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಜೋರು ನಗು. "ಹುಳ ಎಣ್ಸಕ್ಕೆ ಲಂಡನ್ನಿಗೆ ಹೋಗ್ಬೇಕಿತ್ತಾ ಮಾರಾಯ? ಇಲ್ಲೇ ನಮ್ಮ ತೋಟದ ಕೆಳಗಿನ ಹಳ್ಳದಲ್ಲಿ ಬೇಕಾದಷ್ಟಿದಾವೆ!"

ಅಮ್ಮ ಹೇಳಿದ್ದು ತಮಾಷೆಗೆ. ಆದರೆ ಆ ಮಾತು ಒಂದು ವಾರದಿಂದ ನನ್ನ ಬೆನ್ನು ಬಿಟ್ಟಿಲ್ಲ. ಕೊಪ್ಪದ ಹತ್ತಿರದ ನಮ್ಮ ಹಳ್ಳದಲ್ಲಿ ಈಜು ಕಲಿತವನು ನಾನು. ಆ ಹಳ್ಳ ಹತ್ತು ವರ್ಷದ ಹಿಂದೆ ಹೇಗಿತ್ತು, ಈಗ ಹೇಗಿದೆ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರ ಇಲ್ಲ. "ಚೆನ್ನಾಗಿದೆ ಅನ್ಸುತ್ತೆ" ಎನ್ನಬಹುದು, ಅಷ್ಟೇ. ಇಲ್ಲಿ, ನನಗೆ ಯಾವ ನಂಟೂ ಇಲ್ಲದ ಕ್ರೇನ್ ಎಂಬ ಪುಟ್ಟ ಹೊಳೆಯ ಆರೋಗ್ಯವನ್ನು ಮಾತ್ರ ತಿಂಗಳು ತಿಂಗಳೂ ಅಂಕಿಯಲ್ಲಿ ಹೇಳಬಲ್ಲೆ! ಈ ಬರಹ ಆ ನಾಚಿಕೆಯಿಂದ ಹುಟ್ಟಿದ್ದು.

ನಾವು ಮಾಡುವುದೇನು?

ಕ್ರೇನ್ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲದೇ ಗೊತ್ತಿರುವ ಹೊಳೆ. ಹೀಥ್ರೋದಲ್ಲಿ ಇಳಿದವರೆಲ್ಲ ಅದರ ಪಕ್ಕದಲ್ಲೇ ಹಾದು ಬಂದಿರುತ್ತೀರಿ. ಹ್ಯಾರೋ ಕಡೆ ಯೇಡಿಂಗ್ ಬ್ರೂಕ್ ಎಂಬ ಹೆಸರಿನಲ್ಲಿ ಹುಟ್ಟಿ, ಹೇಯ್ಸ್ ದಾಟಿದ ಮೇಲೆ ಕ್ರೇನ್ ಆಗಿ, ವಿಮಾನ ನಿಲ್ದಾಣದ ಪೂರ್ವಕ್ಕೆ ಕ್ರ್ಯಾನ್‌ಫರ್ಡ್, ಹೌನ್‌ಸ್ಲೋ ಹೀತ್, ಟ್ವಿಕನ್‌ಹ್ಯಾಮ್ ಬಳಿಯ ಕ್ರೇನ್ ಪಾರ್ಕ್ ದಾಟಿ ಐಲ್‌ವರ್ತ್‌ನಲ್ಲಿ ಥೇಮ್ಸ್ ಸೇರುತ್ತದೆ. ಕ್ರೇನ್ ಪಾರ್ಕಿನಲ್ಲಿ ಒಂದು ಹಳೆಯ ಗೋಪುರ ನಿಂತಿದೆ. 1920ರ ದಶಕದವರೆಗೂ ಅಲ್ಲಿ ಈ ಹೊಳೆಯ ನೀರಿನ ಬಲದಿಂದ ಕೋವಿಮದ್ದು ಅರೆಯುವ ಗಿರಣಿಗಳಿದ್ದವು. ಈಗ ಅದು ಮಕ್ಕಳು ಬಾತುಕೋಳಿ ನೋಡಲು ಹೋಗುವ ಜಾಗ.

ನಮ್ಮ ಕೆಲಸ ತೀರಾ ಸರಳ. ತಿಂಗಳಿಗೊಮ್ಮೆ ಗೊತ್ತಾದ ಜಾಗದಲ್ಲಿ ನೀರಿಗೆ ಇಳಿಯಬೇಕು. ಹರಿವಿಗೆ ಎದುರಾಗಿ ಬಲೆ ಹಿಡಿದು, ಅದರ ಮುಂದೆ ತಳದ ಕಲ್ಲು ಮರಳನ್ನು ಕಾಲಿನಿಂದ ಕೆದಕಬೇಕು. ಸರಿಯಾಗಿ 3 ನಿಮಿಷ. ಕಲ್ಲಿನಡಿ ಅವಿತಿರುವ ಹುಳಗಳು ಎದ್ದು ನೀರಿನ ಜೊತೆ ಬಲೆಗೆ ಬರುತ್ತವೆ. ಆಮೇಲೆ 1 ನಿಮಿಷ ಕಲ್ಲುಗಳನ್ನು ಎತ್ತಿ ಅಂಟಿಕೊಂಡವನ್ನು ಕೈಯಿಂದ ಹುಡುಕಬೇಕು. ಸಿಕ್ಕಿದ್ದನ್ನೆಲ್ಲ ಬಿಳಿ ತಟ್ಟೆಗೆ ಸುರಿದು, ಎಂಟು ಗುಂಪಿನ ಜೀವಿಗಳನ್ನು ಬೇರೆ ಮಾಡಿ ಎಣಿಸಿ, ಮತ್ತೆ ಹೊಳೆಗೇ ಬಿಡಬೇಕು. ಯಾವುದನ್ನೂ ಕೊಲ್ಲುವುದಿಲ್ಲ.

ಅಂಕ ಕೊಡುವ ಲೆಕ್ಕ ಮಗುವಿಗೂ ಅರ್ಥವಾಗುತ್ತದೆ. ಒಂದು ಗುಂಪಿನಲ್ಲಿ 1ರಿಂದ 9 ಇದ್ದರೆ 1 ಅಂಕ, 10ರಿಂದ 99 ಇದ್ದರೆ 2, ನೂರು ದಾಟಿದರೆ 3, ಸಾವಿರ ದಾಟಿದರೆ 4. ಎಂಟು ಗುಂಪಿನ ಅಂಕ ಕೂಡಿದರೆ ಆ ತಿಂಗಳ ಮೊತ್ತ. ಮೊನ್ನೆ ನನಗೆ ಸಿಕ್ಕಿದ್ದು ನೂರಕ್ಕೂ ಹೆಚ್ಚು ಹೊಳೆಸಿಗಡಿ, ಮೂವತ್ತು ಚಿಲ್ಲರೆ ಮೇಫ್ಲೈ ಮರಿಗಳು, ನಾಲ್ಕು ಗೂಡಿಲ್ಲದ ಕ್ಯಾಡಿಸ್ ಹುಳ. ಮೂರು, ಎರಡು, ಒಂದು, ಒಟ್ಟು 6.

ಈ ಆರಕ್ಕೆ ಏನು ಬೆಲೆ? ಗುಟ್ಟು ಇರುವುದೇ ಅಲ್ಲಿ. ಪ್ರತಿ ಜಾಗಕ್ಕೂ ಸರ್ಕಾರದ ಎನ್ವಿರಾನ್‌ಮೆಂಟ್ ಏಜೆನ್ಸಿಯ ತಜ್ಞರು ಮೊದಲೇ ಒಂದು ಎಚ್ಚರಿಕೆಯ ಗಡಿ ಗೊತ್ತು ಮಾಡಿರುತ್ತಾರೆ. ಗಡಿ 5 ಎಂದಿಟ್ಟುಕೊಳ್ಳಿ. ಈ ತಿಂಗಳು ಮೊತ್ತ 3ಕ್ಕೆ ಬಿತ್ತು. ಮತ್ತೊಮ್ಮೆ ಎಣಿಸುತ್ತೇವೆ. ಆಗಲೂ 3 ಬಂದರೆ ಏಜೆನ್ಸಿಗೆ ತಿಳಿಸುತ್ತೇವೆ. "ಹೊಳೆ ವಾಸನೆ ಬರ್ತಿದೆ ಸಾರ್" ಎಂಬ ದೂರನ್ನು ಯಾರು ಬೇಕಾದರೂ ತಳ್ಳಿಹಾಕಬಹುದು. "ನೀವೇ ಹಾಕಿದ ಗಡಿಗಿಂತ ಕೆಳಗೆ ಬಿದ್ದಿದೆ" ಎಂಬ ಮಾತನ್ನು ತಳ್ಳಿಹಾಕುವುದು ಕಷ್ಟ.

ಈ ಪದ್ಧತಿಯನ್ನು ನಡೆಸುತ್ತಿರುವುದು 2004ರಲ್ಲಿ ಶುರುವಾದ ರಿವರ್‌ಫ್ಲೈ ಪಾರ್ಟ್‌ನರ್‌ಶಿಪ್. 2007ರಿಂದ ದೇಶದುದ್ದಕ್ಕೂ ಹರಡಿತು. ಮೊದಲು ಶುರುಮಾಡಿದವರು ಗಾಳ ಹಾಕಿ ಮೀನು ಹಿಡಿಯುವ ಹವ್ಯಾಸಿಗಳು! ತಮ್ಮ ಮೀನಿನ ಊಟ ಕಡಿಮೆಯಾದರೆ ಮೊದಲು ಗೊತ್ತಾಗುವುದು ಅವರಿಗೇ ತಾನೇ? ತರಬೇತಿ ಒಂದೇ ದಿನ. ಜೀವಶಾಸ್ತ್ರವನ್ನು ಪಿಯುಸಿಯಲ್ಲೇ ಬಿಟ್ಟು ಎಂಜಿನಿಯರಿಂಗ್‌ಗೆ ಓಡಿದ ನಾನೇ ಕಲಿತೆ ಎಂದರೆ ಯಾರು ಬೇಕಾದರೂ ಕಲಿಯಬಹುದು.

ಬಾಟಲಿಯಲ್ಲಿ ಹಿಡಿದ ನೀರು ಸಾಲದೇ?

ನೀರನ್ನು ಬಾಟಲಿಯಲ್ಲಿ ಹಿಡಿದು ಪ್ರಯೋಗಾಲಯಕ್ಕೆ ಕಳಿಸಿದರೆ ಆಯಿತಲ್ಲ, ಹುಳ ಯಾಕೆ ಎಂದು ನಾನೂ ಮೊದಲು ಕೇಳಿದ್ದೆ. ನಮ್ಮ ಕಸುಬಿನ ಭಾಷೆಯಲ್ಲೇ ಹೇಳುತ್ತೇನೆ. ಬಾಟಲಿ ಎಂದರೆ ಸರ್ವರಿಗೆ ಒಂದು ಸಲ ಪಿಂಗ್ ಮಾಡಿದ ಹಾಗೆ. ಆ ಗಳಿಗೆಯಲ್ಲಿ ಸರ್ವರ್ ಎದ್ದಿದೆಯೋ ಮಲಗಿದೆಯೋ ಗೊತ್ತಾಗುತ್ತದೆ. ನಿನ್ನೆ ರಾತ್ರಿ ಎರಡು ಗಂಟೆಗೆ ಅದು ಬಿದ್ದು ಎದ್ದಿದ್ದರೆ ಗೊತ್ತಾಗುವುದಿಲ್ಲ. ಹುಳ ಎಂದರೆ ಲಾಗ್ ಫೈಲ್. ಮೇಫ್ಲೈ ಮರಿ ತಿಂಗಳುಗಟ್ಟಲೆ ಅದೇ ಕಲ್ಲಿನ ಕೆಳಗೆ ಬಾಳುತ್ತದೆ. ಮಂಗಳವಾರ ರಾತ್ರಿ ಯಾರೋ ವಿಷ ಬಿಟ್ಟರೆ, ಬುಧವಾರ ಬೆಳಗ್ಗೆ ನೀರು ತಿಳಿಯಾಗಿರುತ್ತದೆ, ಬಾಟಲಿ ಪಾಸಾಗುತ್ತದೆ. ಆದರೆ ಕಲ್ಲಿನ ಕೆಳಗೆ ಯಾರೂ ಇರುವುದಿಲ್ಲ.

ಎಲ್ಲ ಹುಳಗಳೂ ಒಂದೇ ಅಲ್ಲ. 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ತಜ್ಞರು ಬಿಎಂಡಬ್ಲ್ಯುಪಿ ಎಂಬ ಪಟ್ಟಿ ಮಾಡಿ, ಹುಳಗಳ ಒಂದೊಂದು ಕುಟುಂಬಕ್ಕೂ 1ರಿಂದ 10ರವರೆಗೆ ಅಂಕ ಕೊಟ್ಟರು. ಆಮ್ಲಜನಕ ಚೂರು ಕಡಿಮೆಯಾದರೂ ಸಾಯುವ, ಕಲ್ಲಿಗೆ ಚಪ್ಪಟೆಯಾಗಿ ಅಂಟಿ ಬಾಳುವ ಮೇಫ್ಲೈ ಮರಿಗೆ 10. ಹೊಳೆಸಿಗಡಿಗೆ 6. ಕೊಳಚೆಯಲ್ಲೂ ಹಾಯಾಗಿರುವ ಕೆಂಪು ಕೈರೊನಾಮಿಡ್ ಮರಿಗೆ 2. ಕೆಸರಿನ ಎರೆಹುಳಕ್ಕೆ 1. ಈಗ ಏಜೆನ್ಸಿಯವರು ಇದರ ಸುಧಾರಿತ ರೂಪವನ್ನು ಬಳಸುತ್ತಾರೆ. ಅವರು ಅಂಕವನ್ನಷ್ಟೇ ನೋಡುವುದಿಲ್ಲ. ಈ ಎತ್ತರದಲ್ಲಿ, ಈ ಮಣ್ಣಿನಲ್ಲಿ, ಇಷ್ಟು ಅಗಲದ ಹೊಳೆ ಮನುಷ್ಯನ ಕೈಗೆ ಸಿಕ್ಕಿ ಕೆಡದೇ ಇದ್ದಿದ್ದರೆ ಯಾವ ಹುಳ ಎಷ್ಟಿರಬೇಕಿತ್ತು ಎಂದು ಲೆಕ್ಕ ಹಾಕಿ, ಸಿಕ್ಕಿದ್ದನ್ನು ಅದಕ್ಕೆ ಹೋಲಿಸುತ್ತಾರೆ. ಅಂದರೆ ಹೊಳೆಯನ್ನು ಅದರ ಆರೋಗ್ಯವಂತ ರೂಪದ ಜೊತೆಗೇ ತೂಗುತ್ತಾರೆ.

ಎಣಿಕೆ ಶುರುವಾದದ್ದು ಮೀನು ಸತ್ತ ಮೇಲೆ

ಇದನ್ನೆಲ್ಲ ಓದಿ "ಆಹಾ, ಇಂಗ್ಲೆಂಡು!" ಎನ್ನಬೇಡಿ. ಕ್ರೇನ್ ಹೊಳೆಯ ಎಣಿಕೆ ಗಟ್ಟಿಯಾಗಿದ್ದು ಒಂದು ದುರಂತದಿಂದ. 2011ರ ಅಕ್ಟೋಬರ್ ಕೊನೆಯಲ್ಲಿ ಹೀಥ್ರೋ ಬಳಿ ಥೇಮ್ಸ್ ವಾಟರ್ ಕಂಪನಿಯ ಒಳಚರಂಡಿ ವ್ಯವಸ್ಥೆಯ ಗೇಟೊಂದು ಕೆಟ್ಟು, ಶುದ್ಧಿ ಮಾಡದ ಕೊಳಚೆ ನೇರವಾಗಿ ಹೊಳೆಗೆ ನುಗ್ಗಿತು. ಕೆಳಗಡೆ ಮೈಲಿಗಟ್ಟಲೆ ಸಾವಿರಾರು ಮೀನು ಸತ್ತು ತೇಲಿದವು. ದಡದ ಜನ ಅತ್ತರು, ಬೈದರು. ಅಷ್ಟಕ್ಕೇ ಮನೆಗೆ ಹೋಗಲಿಲ್ಲ. 2014ರಲ್ಲಿ ಸಿಟಿಜನ್ ಕ್ರೇನ್ ಎಂಬ ಯೋಜನೆ ಶುರುವಾಯಿತು. ಲಂಡನ್ನಿನ ಝೂಲಾಜಿಕಲ್ ಸೊಸೈಟಿ, ಹೊಳೆಯ ಗೆಳೆಯರ ಸಂಘ, ಇತರರು ಸೇರಿ ಸ್ವಯಂಸೇವಕರಿಗೆ ತರಬೇತಿ ಕೊಟ್ಟರು. ಒಂದು ಕಡೆ ಹುಳದ ಎಣಿಕೆ, ಇನ್ನೊಂದು ಕಡೆ ಪ್ರತಿ ತಿಂಗಳೂ ಫಾಸ್ಫೇಟ್, ಅಮೋನಿಯಾ ಮತ್ತು ಹರಿವಿನ ಅಳತೆ.

ಎಣಿಸುತ್ತಾ ಹೋದಂತೆ ಗೊತ್ತಾಗಿದ್ದೇನೆಂದರೆ, ಹೊಳೆಯನ್ನು ಕೊಲ್ಲುವುದು ಹತ್ತು ವರ್ಷಕ್ಕೊಮ್ಮೆ ಬರುವ ದೊಡ್ಡ ಅನಾಹುತವೊಂದೇ ಅಲ್ಲ, ದಿನದಿನವೂ ತೊಟ್ಟಿಕ್ಕುವ ಸಣ್ಣ ಪಾಪಗಳು ಕೂಡ. ಹೊರ ಲಂಡನ್ನಿನ ಬಡಾವಣೆಗಳಲ್ಲಿ ಸಾಮಾನ್ಯವಾಗಿ ಮಳೆನೀರಿಗೊಂದು ಪೈಪು, ಕೊಳಚೆಗೊಂದು ಪೈಪು. ಕೊಳಚೆ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ, ಮಳೆನೀರು ನೇರ ಹೊಳೆಗೆ. ಮನೆ ರಿಪೇರಿ ಮಾಡಿಸುವಾಗ ಯಾರೋ ತಿಳಿಯದೆ ಅಡಿಗೆಮನೆ ಸಿಂಕನ್ನೋ ಟಾಯ್ಲೆಟ್ಟನ್ನೋ ಮಳೆನೀರಿನ ಪೈಪಿಗೆ ಜೋಡಿಸಿಬಿಟ್ಟರೆ ಮುಗಿಯಿತು. 2016ರಲ್ಲಿ ಇದೇ ಕ್ರೇನ್ ಕಣಿವೆಯಲ್ಲಿ ಔಟ್‌ಫಾಲ್ ಸಫಾರಿ ಎಂಬ ಕೆಲಸ ಮೊದಲಾಯಿತು. ಸ್ವಯಂಸೇವಕರು ದಡದುದ್ದಕ್ಕೂ ನಡೆದು, ಹೊಳೆಗೆ ಬಾಯಿ ತೆರೆದಿರುವ ಒಂದೊಂದು ಪೈಪನ್ನೂ ನೋಡಿ, ಫೋಟೋ ತೆಗೆದು, ಎಷ್ಟು ಕೊಳಕಾಗಿದೆ ಎಂದು ಅಂಕ ಹಾಕುವುದು. ಇಲ್ಲಿ ಸಿಂಹವೂ ಇಲ್ಲ, ಆನೆಯೂ ಇಲ್ಲ!

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಅಂಥದೇ ಒಂದು ನಡಿಗೆಯಲ್ಲಿ ಪೈಪೊಂದರಿಂದ ಬೂದುಬಣ್ಣದ ನೊರೆ ಬರುವುದನ್ನು ನೋಡಿ "ಯಾರಪ್ಪಾ ಇವರು, ಬುದ್ಧಿ ಬೇಡವೇ" ಎಂದು ಜೊತೆಯವರ ಮುಂದೆ ದೊಡ್ಡ ಭಾಷಣ ಬಿಗಿದಿದ್ದೆ. ಮನೆಗೆ ಬಂದ ಮೇಲೆ ಯಾಕೋ ಅನುಮಾನ ಬಂತು. ನಮ್ಮ ಮನೆಯ ವಾಷಿಂಗ್ ಮೆಷೀನು ಹಿಂದಿನ ಮಾಲೀಕರು ಕಟ್ಟಿಸಿದ ಹಿತ್ತಲ ಕೋಣೆಯಲ್ಲಿದೆ. ಮೆಷೀನು ಹಾಕಿ, ಹಿತ್ತಲಿನ ಮಳೆನೀರಿನ ಚೇಂಬರಿನ ಮುಚ್ಚಳ ಎತ್ತಿ ನೋಡಿದೆ. ನೊರೆ ನೊರೆಯಾಗಿ ಹರಿಯುತ್ತಿತ್ತು. ಆರು ವರ್ಷದಿಂದ ನಮ್ಮ ಮನೆ ಬಟ್ಟೆಯ ಕೊಳೆ, ಸೋಪು ಎಲ್ಲ ಸೀದಾ ಹೊಳೆಗೆ! ನನ್ನ ಹೆಂಡತಿ ನಗಲೂ ಇಲ್ಲ, ಬೈಯಲೂ ಇಲ್ಲ. "ಪ್ಲಂಬರ್‌ಗೆ ಫೋನ್ ಮಾಡಿ" ಎಂದಳು, ಅಷ್ಟೇ. ಸರಿಮಾಡಲು ಬೇಕಾಗಿದ್ದು ಅರ್ಧ ದಿನದ ಕೆಲಸ. ಹೌನ್‌ಸ್ಲೋ, ಹೇಯ್ಸ್, ಹ್ಯಾರೋ ಕಡೆ ಮನೆ ಮಾಡಿರುವ ಕನ್ನಡಿಗರೇ, ಹಿತ್ತಲಿನಲ್ಲಿ ಕೋಣೆ ಕಟ್ಟಿಸಿದ್ದರೆ ಈ ಶನಿವಾರವೇ ಒಮ್ಮೆ ಮುಚ್ಚಳ ಎತ್ತಿ ನೋಡಿ.

ಅಳತೆಯಿಂದ ಹೊಳೆ ತಾನಾಗಿ ಶುದ್ಧವಾಗುವುದಿಲ್ಲ, ನಿಜ. ಇಂಗ್ಲೆಂಡಿನ 2019ರ ಮೌಲ್ಯಮಾಪನದ ಪ್ರಕಾರ ಇಲ್ಲಿನ ನದಿ, ಕೆರೆ, ಅಳಿವೆಗಳಲ್ಲಿ ಉತ್ತಮ ಪರಿಸರ ಸ್ಥಿತಿಯಲ್ಲಿದ್ದದ್ದು ಬರೀ 16 ಶೇಕಡಾ. ರಾಸಾಯನಿಕ ಪರೀಕ್ಷೆಯಲ್ಲಿ ಪಾಸಾದದ್ದು ಸೊನ್ನೆ! ಹೊಸ ರಾಸಾಯನಿಕಗಳನ್ನು ಸೇರಿಸಿ, ಪರೀಕ್ಷೆ ಬಿಗಿ ಮಾಡಿದ್ದರಿಂದ ಆ ಸೊನ್ನೆ ಬಂತು. ಪರೀಕ್ಷೆ ಸಡಿಲ ಮಾಡಿ ಮಾನ ಉಳಿಸಿಕೊಳ್ಳಬಹುದಿತ್ತು, ಮಾಡಲಿಲ್ಲ. 2025ರ ಮೇ ತಿಂಗಳಲ್ಲಿ ನಿಯಂತ್ರಕ ಸಂಸ್ಥೆ ಆಫ್‌ವಾಟ್ ಥೇಮ್ಸ್ ವಾಟರ್ ಮೇಲೆ 12.27 ಕೋಟಿ ಪೌಂಡ್ ದಂಡ ಹೇರಿತು. ಇಂಥ ದಂಡದ ಹಿಂದೆ ದೊಡ್ಡ ದೊಡ್ಡ ಸಂಸ್ಥೆಗಳ ತನಿಖೆ ಇರುತ್ತದೆ, ಸರಿ. ಆದರೆ ಹೊಳೆಗೆ ಏನಾಗುತ್ತಿದೆ ಎಂಬ ಮಾತು ಇಲ್ಲಿ ಪತ್ರಿಕೆಯಲ್ಲಿ, ಪಾರ್ಲಿಮೆಂಟಿನಲ್ಲಿ ಆರದೇ ಉಳಿದಿದ್ದರೆ, ದಡದಲ್ಲಿ ನಿಂತು ಎಣಿಸಿ ಬರೆದಿಟ್ಟವರ ಪಾಲೂ ಅದರಲ್ಲಿದೆ.

ನಮ್ಮ ನಾಡಿನ ಹೊಳೆಗಳಿಗೆ ಕೇಳುವ ಪ್ರಶ್ನೆಯೇ ಬೇರೆ

ಈಗ ಊರಿನ ಕಡೆ ಬರೋಣ. ಕರ್ನಾಟಕದಲ್ಲಿ ಅಳತೆಯೇ ಇಲ್ಲ ಎಂದರೆ ತಪ್ಪಾಗುತ್ತದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನದಿಗಳ ನೀರನ್ನು ತೆಗೆದು ಪರೀಕ್ಷೆ ಮಾಡುತ್ತದೆ. ಕೇಂದ್ರ ಮಂಡಳಿಯ ಸೂತ್ರದಂತೆ ನೀರಿಗೆ ಎ, ಬಿ, ಸಿ, ಡಿ, ಇ ಎಂಬ ದರ್ಜೆ ಕೊಡುತ್ತಾರೆ. ಸೋಂಕು ನಿವಾರಿಸಿ ಕುಡಿಯಬಹುದಾದರೆ ಎ, ಸ್ನಾನಕ್ಕೆ ಆಗುವಂತಿದ್ದರೆ ಬಿ, ಪೂರ್ತಿ ಶುದ್ಧೀಕರಿಸಿ ಕುಡಿಯುವುದಾದರೆ ಸಿ, ಮೀನು ಮತ್ತು ವನ್ಯಜೀವಿಗಳಿಗೆ ಡಿ, ಹೊಲಕ್ಕೆ ಮತ್ತು ಕಾರ್ಖಾನೆ ತಂಪು ಮಾಡಲು ಇ.

ಗಮನಿಸಿ, ಇಲ್ಲಿ ಕೇಳುತ್ತಿರುವ ಪ್ರಶ್ನೆ "ಈ ನೀರು ನಮಗೆ ಯಾವುದಕ್ಕೆ ಉಪಯೋಗ?" ಎಂದು. "ಈ ಹೊಳೆ ಹೊಳೆಯಾಗಿ ಹೇಗಿದೆ?" ಎಂದಲ್ಲ. ಮೀನಿಗೆ ಸಿಕ್ಕಿರುವುದು ನಾಲ್ಕನೇ ಸಾಲು! ಒಂದು ಲೀಟರಿನಲ್ಲಿ 4 ಮಿಲಿಗ್ರಾಂ ಆಮ್ಲಜನಕ ಇದ್ದು, ಅಮೋನಿಯಾ ಮಿತಿಯೊಳಗಿದ್ದರೆ ಮೀನಿನ ಕಥೆ ಮುಗಿಯಿತು.

ಬರೀ ಆ ಪ್ರಶ್ನೆ ಕೇಳಿದರೆ ಏನು ಕಣ್ಣು ತಪ್ಪುತ್ತದೆ ಎನ್ನುವುದಕ್ಕೆ ಭದ್ರಾ ನದಿ ಸಾಕ್ಷಿ. ಕುದುರೆಮುಖದ ಕಬ್ಬಿಣದ ಗಣಿಯಿಂದ ಮಳೆಗಾಲದಲ್ಲಿ ಹೂಳು ಭದ್ರೆಗೆ ಹರಿದು ಬರುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಹೂಳು ಕೊಳಚೆಯಲ್ಲ. ಆಮ್ಲಜನಕದ ಪರೀಕ್ಷೆಯಲ್ಲಿ ಅದು ಪಾಸಾಗಿಬಿಡಬಹುದು. ಆದರೆ ಹೂಳು ಕಲ್ಲುಗಳ ನಡುವಿನ ಸಂದುಗಳನ್ನು ಮುಚ್ಚುತ್ತದೆ. ಆ ಸಂದುಗಳೇ ಹುಳಗಳ ಮನೆ, ಮೀನಿನ ಮೊಟ್ಟೆಯ ತೊಟ್ಟಿಲು. ಬಾಟಲಿಗೆ ಅದು ಕಾಣದು. ಕಲ್ಲನ್ನು ಎತ್ತಿ ನೋಡಿದವನಿಗೆ ಕಾಣುತ್ತದೆ.

ಇನ್ನು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವನ ಪಾದದಡಿ ಹುಟ್ಟುತ್ತಾಳೆ ಎಂದು ನಂಬಿ ಜನ ಪೂಜೆ ಮಾಡಿದ ನದಿ. ಇವತ್ತು ಮೈಸೂರು ರಸ್ತೆಯಲ್ಲಿ ಹೋಗುವಾಗ ಕಾರಿನ ಕಿಟಕಿ ಏರಿಸುತ್ತೇವಲ್ಲ, ಆ "ಮೋರಿ" ಅವಳೇ. ಬೈರಮಂಗಲ ಕೆರೆ ಹಾದು ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೇ ಸೇರುತ್ತಾಳೆ. ಅವಳ ಕಲ್ಲುಗಳ ಕೆಳಗಿನ ಕೊನೆಯ ಮೇಫ್ಲೈ ಯಾವ ವರ್ಷ ಸತ್ತಿತು? ಯಾರೂ ಎಣಿಸುತ್ತಿರಲಿಲ್ಲ, ಹಾಗಾಗಿ ಯಾರೂ ಹೇಳಲಾರರು. ನದಿ ಮೋರಿಯಾಗುವುದು ಒಂದೇ ರಾತ್ರಿಯಲ್ಲಲ್ಲ. ಮೊದಲು ಹತ್ತು ಅಂಕದ ಹುಳ ಹೋಗುತ್ತದೆ, ಆಮೇಲೆ ಆರರದ್ದು, ಕೊನೆಗೆ ಒಂದು ಅಂಕದ್ದು ಮಾತ್ರ ಉಳಿಯುತ್ತದೆ. ನಮ್ಮ ಮೂಗಿಗೆ ಗೊತ್ತಾಗುವುದು ಕೊನೆಯ ಹಂತದಲ್ಲಿ.

2016ರ ಮಾರ್ಚಿನಲ್ಲಿ ಹಲಸೂರು ಕೆರೆಯ ಮೀನುಗಳು ಸತ್ತು ತೇಲಿದ ಫೋಟೋ ನಮ್ಮಲ್ಲಿ ಎಲ್ಲರೂ ನೋಡಿದೆವು, ಎಲ್ಲರೂ ಫಾರ್ವರ್ಡ್ ಮಾಡಿದೆವು. ನಾನೂ ಮಾಡಿದೆ. ಕ್ರೇನ್ ದಡದವರು ಸತ್ತ ಮೀನು ನೋಡಿ ಬಲೆ ಹಿಡಿದರು. ನಾನು ಸತ್ತ ಮೀನು ನೋಡಿ ಫಾರ್ವರ್ಡ್ ಬಟನ್ ಒತ್ತಿದೆ. ಬೆಂಗಳೂರಿನಲ್ಲಿ ಕೆರೆ ಕಾಯುವ ನಾಗರಿಕ ಗುಂಪುಗಳಿವೆ, ಅವರ ಶ್ರಮಕ್ಕೆ ಕೈ ಮುಗಿಯುತ್ತೇನೆ. ನಾನು ಹೇಳುತ್ತಿರುವುದು ನಮ್ಮ ನಿಮ್ಮ ಮಾತು.

ಪುಸ್ತಕ ಬೆಂಗಳೂರಿನಲ್ಲೇ ಇದೆ, ಕನ್ನಡದಲ್ಲಿಲ್ಲ

"ಅದೆಲ್ಲ ಅಲ್ಲಿ ಸರಿ, ನಮ್ಮಲ್ಲಿ ಆ ವಿಜ್ಞಾನ ಎಲ್ಲಿದೆ?" ಎನ್ನುವವರಿಗೆ ಒಂದು ಸುದ್ದಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇದೇ ಬಿಎಂಡಬ್ಲ್ಯುಪಿಯನ್ನು ಆಧರಿಸಿ ನಮ್ಮ ನದಿಗಳಿಗೆ ಜೈವಿಕ ಮಾನದಂಡ ರೂಪಿಸಿದೆ. 2007ರಲ್ಲಿ, ಅಂದರೆ ಇಲ್ಲಿ ಈ ಎಣಿಕೆ ದೇಶಕ್ಕೆಲ್ಲ ಹರಡಲು ಶುರುವಾದ ಅದೇ ವರ್ಷ, ಬೆಂಗಳೂರಿನ ಏಟ್ರೀ ಸಂಸ್ಥೆ ಕೆ. ಎ. ಸುಬ್ರಮಣಿಯನ್ ಮತ್ತು ಕೆ. ಜಿ. ಶಿವರಾಮಕೃಷ್ಣನ್ ಅವರು ಬರೆದ, ನೀರಿನ ಕೀಟಗಳಿಂದ ಹೊಳೆಯ ಆರೋಗ್ಯ ಅಳೆಯುವ ಕೈಪಿಡಿಯನ್ನು ಹೊರತಂದಿತು. ಮೂವತ್ತು ಪುಟದ ಆಸುಪಾಸಿನ ಪುಟ್ಟ ಪುಸ್ತಕ. ಅಂದರೆ ವಿಜ್ಞಾನ ನಮ್ಮ ಮನೆಯಲ್ಲೇ ಇದೆ!

ಅದು ಇರುವುದು ಇಂಗ್ಲಿಷಿನಲ್ಲಿ. ತಜ್ಞರು ತಜ್ಞರಿಗೆ ಇಂಗ್ಲಿಷಿನಲ್ಲಿ ಬರೆದರೆ ತಪ್ಪೇನಿಲ್ಲ. ಆದರೆ ಇಲ್ಲಿ ನನ್ನ ಕೈಗೆ ಕೊಟ್ಟಿದ್ದು ತಜ್ಞರ ಪುಸ್ತಕವಲ್ಲ, ನೀರು ತಾಗಿದರೆ ಹಾಳಾಗದ ಚಿತ್ರದ ಹಾಳೆ. ಎಂಟು ಚಿತ್ರ, ಚಿತ್ರದ ಪಕ್ಕ ಎರಡು ಸಾಲು, ದಡದ ಜನರ ದಿನಬಳಕೆಯ ಮಾತಿನಲ್ಲಿ. ಲ್ಯಾಟಿನ್ ಹೆಸರು ಮೂಲೆಯಲ್ಲೆಲ್ಲೋ. ಗಾಳ ಹಾಕುವವನು ಎಣಿಸಲು ಶುರುಮಾಡಿದ್ದು ಆ ಹಾಳೆಯಿಂದ. ಶೃಂಗೇರಿಯ ಹೈಸ್ಕೂಲು ಹುಡುಗಿಗೆ, ತೀರ್ಥಹಳ್ಳಿಯ ತೋಟದ ಕೆಲಸದವನಿಗೆ ಆ ಹಾಳೆ ಎಲ್ಲಿದೆ?

ಫೋನಿನಲ್ಲಿ ಅಮ್ಮ ನಕ್ಕರಲ್ಲ, ಅವತ್ತೇ ಸಂಜೆ ಅವರಿಗೆ ತಟ್ಟೆಯ ಫೋಟೋ ಕಳಿಸಿದೆ. ಸಣ್ಣ ಸಣ್ಣ ಮರಳಿನ ಹರಳು ಅಂಟಿಸಿ ಕೊಳವೆಯಂಥ ಗೂಡು ಕಟ್ಟಿಕೊಂಡು ಅದರೊಳಗೇ ಬಾಳುವ ಕ್ಯಾಡಿಸ್ ಹುಳದ ಚಿತ್ರವೂ ಅದರಲ್ಲಿತ್ತು. ತಕ್ಷಣ ಉತ್ತರ ಬಂತು. "ಇದು ಗೊತ್ತು. ಬಟ್ಟೆ ಒಗೆಯೋ ಕಲ್ಲಿನ ಅಡಿ ಇರ್ತಿದ್ವು. ಮೇಲ್ಗಡೆ ತೋಟಕ್ಕೆ ಔಷಧಿ ಹೊಡೆಯಕ್ಕೆ ಶುರು ಮಾಡಿದ ಮೇಲೆ ನೋಡಿಲ್ಲ."

ಗೆಳೆಯರೇ, ಆ ಸಾಲನ್ನು ಮತ್ತೊಮ್ಮೆ ಓದಿ. ಏಳನೇ ಕ್ಲಾಸು ಓದಿದ ನನ್ನಮ್ಮನಿಗೆ ಗುಂಪು ಗೊತ್ತು, ಅದರ ಮನೆ ಗೊತ್ತು, ಅದು ಯಾವಾಗಿನಿಂದ ಕಾಣುತ್ತಿಲ್ಲ ಎಂಬುದು ಗೊತ್ತು, ಕಾರಣದ ಬಗ್ಗೆ ಒಂದು ಅನುಮಾನವೂ ಇದೆ. ಬೆಳಗ್ಗೆ "ಬೇಕಾದಷ್ಟಿದಾವೆ" ಎಂದು ನಕ್ಕವರು, ಚಿತ್ರ ಕಂಡದ್ದೇ ಇದು ಈಗಿಲ್ಲ ಎಂದು ನೆನಪಿಸಿಕೊಂಡರು. ಇಷ್ಟು ವರ್ಷ ಯಾರೂ ಅವರನ್ನು ಕೇಳಿರಲಿಲ್ಲ. ಅನುಮಾನ ಸರಿಯೋ ತಪ್ಪೋ ಎಣಿಸಿದರೆ ತಾನೇ ಗೊತ್ತಾಗುವುದು? ತೇಜಸ್ವಿಯವರು "ಕನ್ನಡ ನಾಡಿನ ಹಕ್ಕಿಗಳು" ಬರೆದ ಮೇಲೆ ಕನ್ನಡದ ಓದುಗ ಹಕ್ಕಿಯನ್ನು ಕನ್ನಡದಲ್ಲಿ ಹೆಸರು ಹಿಡಿದು ಕರೆಯುವುದು ಸುಲಭವಾಯಿತು. ಹೊಳೆಯ ತಳದವರಿಗೂ ಒಂದು ಹೆಸರು ಬೇಡವೇ? ಗೂಡುಹುಳ, ಮೂರುಬಾಲದ ಹುಳ, ಎರಡುಬಾಲದ ಹುಳ, ಹೀಗೆ ಕಂಡಂತೆ ಕರೆದರೂ ಸಾಕು. ಊರಿನವರ ಬಾಯಲ್ಲಿ ಇದಕ್ಕಿಂತ ಒಳ್ಳೆಯ ಹೆಸರಿದ್ದರೆ ಅದನ್ನೇ ಹಾಕೋಣ.

ಆಕ್ಷೇಪಗಳಿಗೆ ಎರಡು ಮಾತು

"ಲಂಡನ್ನಿನಲ್ಲಿ ಕೂತು ಊರಿನವರಿಗೆ ಬುದ್ಧಿ ಹೇಳುವುದೇ?" ಎನ್ನುತ್ತೀರಿ. ನ್ಯಾಯವಾದ ಮಾತು. ಇಲ್ಲಿನ ಪಟ್ಟಿಯನ್ನು ಅಲ್ಲಿಗೆ ಹಾಗೇ ಹೊತ್ತುಕೊಂಡು ಹೋದರೆ ಹೊಂದುವುದೂ ಇಲ್ಲ. ಸಹ್ಯಾದ್ರಿಯ ತೊರೆಯ ಜೀವಿಗಳೇ ಬೇರೆ, ಮುಂಗಾರಿನ ಪ್ರವಾಹವೇ ಬೇರೆ. ಗುಂಪುಗಳನ್ನು, ಗಡಿಯನ್ನು ಗೊತ್ತು ಮಾಡಬೇಕಾದವರು ಅಲ್ಲಿನ ಕೀಟತಜ್ಞರು. ನಾವು ಕಳಿಸಬಹುದಾದದ್ದು ಅಂಕಿಯನ್ನಲ್ಲ, ಕೆಲಸದ ಕ್ರಮವನ್ನು.

"ಎಣಿಸಿ ಏನು ಮಾಡುತ್ತೀರಿ, ಕೇಳುವವರು ಯಾರು?" ಇದು ಇನ್ನೂ ದೊಡ್ಡ ಪ್ರಶ್ನೆ. ಕೇಳುವವರಿಲ್ಲದ ಎಣಿಕೆ ಡೈರಿಯಲ್ಲೇ ಉಳಿಯುತ್ತದೆ. ಆದರೆ ಕಾನೂನಿನಲ್ಲಿ ಒಂದು ಬಾಗಿಲಿದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳಲ್ಲಿ, ಅಂದರೆ ಗ್ರಾಮ ಪಂಚಾಯಿತಿ ಮಟ್ಟದಲ್ಲೂ, ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಸಂಪತ್ತಿನ ದಾಖಲೆ ಇಡಬೇಕು. ಹಳ್ಳದ ಹುಳದ ಎಣಿಕೆಯನ್ನು ಆ ದಾಖಲೆಗೆ ಸೇರಿಸಿ ಎಂದು ಕೇಳಬಹುದು. ಒಮ್ಮೆ ಸರ್ಕಾರಿ ದಾಖಲೆಯಲ್ಲಿ "ಇಲ್ಲಿ ಗೂಡುಹುಳ ಇತ್ತು" ಎಂದು ಬಂದರೆ, "ಈಗ ಯಾಕಿಲ್ಲ?" ಎಂದು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಲು ಕಾಲೂರಲು ಜಾಗ ಸಿಗುತ್ತದೆ.

ಹಾಗಾದರೆ ನಾವೇನು ಮಾಡೋಣ?

ಮೊದಲನೆಯದು, ನೀವಿರುವ ಊರಿನ ಹೊಳೆಗೆ ಇಳಿಯಿರಿ. ಬ್ರಿಟನ್ನಿನಲ್ಲಿ ಇದ್ದರೆ ಒಂದು ದಿನದ ತರಬೇತಿಗೆ ಹೆಸರು ಕೊಡಿ. ಕೈ ಒದ್ದೆಯಾಗದೆ ಇದು ತಲೆಗೆ ಹತ್ತುವುದಿಲ್ಲ.

ಎರಡನೆಯದು, ಕನ್ನಡದ ಒಂದೇ ಒಂದು ಹಾಳೆ. ಚಿತ್ರ ಬರೆಯುವವರು, ಕೀಟಶಾಸ್ತ್ರ ಓದಿದವರು, ಕುವೆಂಪು ವಿಶ್ವವಿದ್ಯಾಲಯದಂಥ ಕಡೆ ಪ್ರಾಣಿಶಾಸ್ತ್ರದವರ ಪರಿಚಯ ಇರುವವರು ಮುಂದೆ ಬನ್ನಿ. ಸಾಫ್ಟ್‌ವೇರ್‌ನವರಿಗೆ ಒಂದು ವಿನಂತಿ: ಮೊದಲ ದಿನವೇ ಆಪ್ ಮಾಡಲು ಕೂರಬೇಡಿ! ಮೊದಲು ಬಲೆ, ಆಮೇಲೆ ತಟ್ಟೆ, ಆಮೇಲೆ ಹಾಳೆ. ಅದರ ಮೇಲೆ ಕೆಲಸ ಉಳಿದರೆ ಆಪ್.

ಮೂರನೆಯದು, ನಿಮ್ಮ ಊರಿನ ಒಂದು ಹೈಸ್ಕೂಲು, ಒಂದು ಹಳ್ಳ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ನೀರು ಕಡಿಮೆ ಇರುವಾಗ ತಿಂಗಳಿಗೊಮ್ಮೆ, ಮೇಷ್ಟ್ರ ಕಣ್ಣೆದುರು ಮಾತ್ರ. ಮಳೆಗಾಲದಲ್ಲಿ ಯಾವ ಮಗುವೂ ನೀರಿಗೆ ಇಳಿಯಕೂಡದು. ಕನಿಷ್ಠ ಮೂರು ವರ್ಷ ಎಣಿಸುವ ತನಕ ಯಾರ ಮೇಲೂ ದೂರು ಬೇಡ, ಪತ್ರಿಕೆಯಲ್ಲಿ ಫೋಟೋ ಬೇಡ. ಆರೋಗ್ಯವಾಗಿದ್ದಾಗ ಹೇಗಿತ್ತು ಎಂಬ ಲೆಕ್ಕ ಇಲ್ಲದಿದ್ದರೆ ಕಾಯಿಲೆ ಬಿದ್ದಾಗ ವಾದಿಸಲು ಏನೂ ಇರುವುದಿಲ್ಲ. ಬಲೆ, ತಟ್ಟೆ, ಭೂತಗನ್ನಡಿಗೆ ಆಗುವ ಖರ್ಚು ನಮ್ಮಲ್ಲಿ ಒಬ್ಬೊಬ್ಬರು ಒಂದು ಭಾನುವಾರ ಹೋಟೆಲಿಗೆ ಹೋಗದಿದ್ದರೆ ಹುಟ್ಟುತ್ತದೆ.

1957ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಥೇಮ್ಸ್ ನದಿ ಜೈವಿಕವಾಗಿ ಸತ್ತಿದೆ ಎಂದು ಘೋಷಿಸಿತ್ತು. ಇವತ್ತು ಅದರಲ್ಲಿ ಸೀಲ್‌ಗಳು ಈಜುತ್ತವೆ. ಹಾಗೆಂದು ವೃಷಭಾವತಿ ನಾಳೆಯೇ ಎದ್ದು ಕೂರುತ್ತಾಳೆ ಎಂದು ನಾನು ಹೇಳುವುದಿಲ್ಲ. ಅವಳಿಗೆ ಬೇಕಾಗಿರುವುದು ಸಾವಿರಾರು ಕೋಟಿ, ಗಟ್ಟಿ ಸರ್ಕಾರ. ಆದರೆ ಕೊಪ್ಪದ ನಮ್ಮ ಹಳ್ಳ ಇನ್ನೂ ಬದುಕಿದೆ. ನಿಮ್ಮ ಊರಿನದೂ ಬದುಕಿರಬಹುದು. ಬದುಕಿರುವುದನ್ನು ಎಣಿಸಲು ಕೋಟಿ ಬೇಡ.

ಮುಂದಿನ ಡಿಸೆಂಬರಿನಲ್ಲಿ ಎರಡು ವಾರ ರಜೆ ಹಾಕಿ ಊರಿಗೆ ಹೋಗುತ್ತಿದ್ದೇನೆ. ಸೂಟ್‌ಕೇಸಿನಲ್ಲಿ ಚಾಕೊಲೇಟಿನ ಜೊತೆಗೆ ಈ ಸಲ ಒಂದು ಬಲೆಯೂ ಇರುತ್ತದೆ. ಅಮ್ಮನಿಗೆ ಹೇಳಿಯಾಗಿದೆ. ಬಟ್ಟೆ ಒಗೆಯುವ ಕಲ್ಲಿನಿಂದಲೇ ಶುರುಮಾಡೋಣ ಎಂದಿದ್ದಾರೆ. ಕನ್ನಡದ ಹಾಳೆಗೆ ಕೈ ಜೋಡಿಸುವವರು ಅಷ್ಟರೊಳಗೆ ಎರಡು ಸಾಲು ಬರೆದು ಕಳಿಸಿ. ಮೊದಲ ಕರಡನ್ನು ಅಲ್ಲೇ, ಆ ಕಲ್ಲಿನ ಮೇಲೆ ಇಟ್ಟು ಪರೀಕ್ಷೆ ಮಾಡಿ ಬರುತ್ತೇನೆ.

ನಿಮ್ಮವ,
ಹೌನ್‌ಸ್ಲೋದಿಂದ ಒಬ್ಬ ಕನ್ನಡಿಗ